ಸಂತು ಹಾಕಿದ ಬೆಸುಗೆ

ಮದುವೆಗೆ ಮುಂಚೆ ಗಂಡು ಹೆಣ್ಣನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿ ಫೋಟೊ ತೆಗೆಸುವ ಹೊಸ ಶಾಸ್ತ್ರವೊಂದು ಹುಟ್ಟಿಕೊಂಡಿದೆಯಲ್ಲ, ನಮ್ಮ ರೇಖಳಿಗೂ ಅದಾಗಲೇಬೇಕೆಂದು ಬೀಗರ ಕಡೆಯವರು ಪಟ್ಟು ಹಿಡಿದರು. ನಲ್ಲೂರಿನ ಹುಣಸೆ ತೋಪಿನ ಹತ್ತಿರ ಅಂತ ಜಾಗವನ್ನೂ ಅವರೇ ಗೊತ್ತು ಮಾಡಿದರು. ನನಗೆ ಇಂಥದ್ದೆಲ್ಲ ಆಗಿಬರುವುದಿಲ್ಲ. ತಾಳಿ ಕಟ್ಟುವುದಕ್ಕೆ ಮುಂಚೆಯೇ ಮರದ ಸುತ್ತ ಓಡಿಸುತ್ತಾರಲ್ಲ, ಇವರ ಮನೆ ಕಾಯೋಗ ಅಂತ ಬೈದುಕೊಂಡೇ ಮಗಳ ಜೊತೆ ಹೋದೆ.

ಹೋಗಿ ನೋಡಿದರೆ ರಸ್ತೆ ಪಕ್ಕದ ಮರದ ಕೆಳಗೆ ಒಂದು ಹಳೇ ಮಿಲಿಟರಿ ಜೀಪು. ಹಸಿರು ಬಣ್ಣ, ಮಡಚಿಟ್ಟ ಮುಂದಿನ ಗಾಜು, ಮೇಲೆ ಕ್ಯಾನ್ವಾಸಿನ ಹೊದಿಕೆ. ಫೋಟೊದವನು ಬಾಡಿಗೆಗೆ ತರಿಸಿದ್ದನಂತೆ. "ಮೇಡಂ, ನೀವು ಬಾನೆಟ್ ಮೇಲೆ ಕೂತ್ಕೊಳಿ. ಸರ್, ನೀವು ಸ್ಟೇರಿಂಗ್ ಹಿಡ್ಕೊಂಡು ಅವರನ್ನೇ ನೋಡಿ," ಅಂತ ಶುರು ಮಾಡಿದ. ರೇಖ ನಿಂತಲ್ಲೇ ನಿಂತಳು. "ಜೀಪ್ ಬೇಡ," ಅಂದಳು. ಅಷ್ಟರಲ್ಲಿ ನಾನು ಅದರ ಪಕ್ಕಕ್ಕೆ ಹೋಗಿಬಿಟ್ಟಿದ್ದೆ. ಬಿಸಿಲಿಗೆ ಕಾದ ಕ್ಯಾನ್ವಾಸು, ಹಳೇ ಗೇರ್ ಎಣ್ಣೆ, ಪೆಟ್ರೋಲು, ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮರದ ಬೇರಿನ ಮೇಲೆ ಕುಸಿದು ಕೂತೆ. ಬಿಸಿಲು ಬಡಿಯಿತು ಅಂದುಕೊಂಡು ಬೀಗರು ಮಜ್ಜಿಗೆ ತಂದುಕೊಟ್ಟರು. ಕುಡಿದೆ. ಏನಂತ ಹೇಳಲಿ ಅವರಿಗೆ? ಇಂಥದ್ದೇ ಒಂದು ಜೀಪು ನಮ್ಮ ಅಂಗಳದಲ್ಲಿ ಇತ್ತು, ಒಂದು ವರ್ಷ ನಮ್ಮನ್ನು ಬದುಕಿಸಿದ ಹಾಗೆ ಮಾಡಿ ಆಮೇಲೆ ಕೊಂದಿತು ಅಂತ ಹೇಳಲೇ?

ಅದನ್ನು ಮನೆಗೆ ತಂದವನು ನನ್ನ ಮಗ ಸಂತು. ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಶಿಫ್ಟು ಮುಗಿಸಿಕೊಂಡು ಬಂದರೆ ಫೋನಿನಲ್ಲಿ ಹಳೇ ಮಿಲಿಟರಿ ಗಾಡಿಗಳನ್ನು ಬಿಚ್ಚಿ ಕಟ್ಟುವ ವಿಡಿಯೊ ನೋಡುವುದೇ ಅವನ ಪೂಜೆ ಪುನಸ್ಕಾರ. ಹೊಸಕೋಟೆ ಕಡೆಯ ಇಟ್ಟಿಗೆ ಗೂಡಿನವರೊಬ್ಬರು ಯಾವ ಕಾಲದಲ್ಲೋ ಸೇನೆಯ ಹರಾಜಿನಲ್ಲಿ ಒಂದು ಜೀಪು ಹಿಡಿದಿದ್ದರಂತೆ. ಅದಕ್ಕೆ ಮಣ್ಣು ಹೊರಿಸಿ ಹೊರಿಸಿ, ಸಾಕಾಗಿ ಹೊಂಗೆ ಮರದ ಕೆಳಗೆ ಬಿಟ್ಟಿದ್ದರು. ಇವನು ಅದನ್ನು ಕೊಂಡು ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆಸಿಕೊಂಡು ಬಂದ. ಸೀಟಿನ ಜಾಗದಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು ಅಂದರೆ ಸುಳ್ಳಲ್ಲ.

"ಏನ್ಲಾ ಇದು, ಗುಜರಿನ ಮನೆಗೆ ತಂದ್ಬಿಟ್ಟಿದ್ಯಾ?" ಅಂದೆ.

"ಗುಜರಿ ಅಲ್ಲ ಕಣಮ್ಮ. ಯುದ್ಧ ಕಂಡಿರೋ ಗಾಡಿ ಇದು."

"ಯುದ್ಧದಾಗೇ ಸತ್ತೋಗಿರೋ ಹಂಗೈತೆ."

ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವುದಕ್ಕೆ ಅವನಿಗೆ ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಅವರಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಊರಿನ ಆ ತುದಿಯಲ್ಲಿ ಅವರು ಸೀಟಿ ಊದಿದರೆ ಈ ತುದಿಯಲ್ಲಿ ಎಮ್ಮೆಗಳು ಕಿವಿ ನಿಮಿರಿಸುತ್ತಿದ್ದವು, ಅಂಥ ಗಂಟಲು. ಆವತ್ತು ಜೀಪಿನ ಸುತ್ತ ಒಂದು ಸುತ್ತು ಬಂದು, "ಈ ನನ್ಮಗ ಇದನ್ನ ಓಡಿಸಿದ್ರೆ ನಾನು ಮೀಸೆ ಬೋಳಿಸ್ತೀನಿ," ಅಂತ ಬೀದಿಗೆಲ್ಲ ಕೇಳುವ ಹಾಗೆ ಸಾರಿದರು. ಅಪ್ಪ ಮಗನದು ಹಾಗೇ, ಬೈಗುಳದಲ್ಲೇ ಪ್ರೀತಿ.

ಆ ಜೀಪಿನ ಹಿಂದಿನ ಎಡಗಾಲಿಯ ಹತ್ತಿರ, ಕಮಾನುಪಟ್ಟಿ ನೇತುಬೀಳುವ ಕೊಂಡಿ ಗಾಡಿಯ ಅಡಿಚೌಕಟ್ಟಿಗೆ, ಅದೇ ಚಾಸಿಗೆ, ಸೇರುವ ಕಡೆ, ತುಕ್ಕು ತಿಂದು ತೂತಾಗಿತ್ತು. ಗಾಡಿಯ ಆ ಮೂಲೆಯ ಭಾರವೆಲ್ಲ ಕೂರುವುದು ಆ ಕೊಂಡಿಯ ಮೇಲೆ. ಸಂತು ಗೇಟು ಮಾಡುವವರ ಹತ್ತಿರ ವೆಲ್ಡಿಂಗ್ ಮೆಷಿನ್ ಕೇಳಿ ತಂದು, ಒಂದು ಕಬ್ಬಿಣದ ತುಂಡು ಇಟ್ಟು, ತಾನೇ ಬೆಸುಗೆ ಹಾಕಿದ. ಕನ್ನಡಕವನ್ನೂ ಸರಿಯಾಗಿ ಹಾಕಿಕೊಂಡಿರಲಿಲ್ಲ, ಕಣ್ಣು ಕೆಂಡವಾಗಿ ಒದ್ದಾಡಿದ. ಹಸಿ ಆಲೂಗಡ್ಡೆ ಹೋಳು ಮಾಡಿ ಕಣ್ಣಿಗೆ ಕಟ್ಟಿದೆ. ಕಣ್ಣು ಕಟ್ಟಿಕೊಂಡೇ, "ಅಮ್ಮಾ, ಅಂಟ್ಕೊಂತು ಕಣಮ್ಮ, ನಾನು ಹಾಕಿದ್ದು ಅಂಟ್ಕೊಂತು," ಅಂತ ಒಂದೇ ಸಮನೆ ಹೇಳುತ್ತಿದ್ದ. ಅವನು ಆ ಜೀಪಿಗೆ ತನ್ನ ಕೈಯಿಂದ ಮಾಡಿದ್ದು ಅದೊಂದೇ ಕೆಲಸ.

ಆ ವಾರವೇ ಜ್ವರ ಬಂತು. ಆ ಮಳೆಗಾಲ ಮನೆಮನೆಯಲ್ಲೂ ಡೆಂಗಿ. ಎಲ್ಲರಿಗೂ ಬಂತು, ಎಲ್ಲರಿಗೂ ಹೋಯಿತು. ನನ್ನ ಮಗನನ್ನು ಮಾತ್ರ ಕರೆದುಕೊಂಡು ಹೋಯಿತು. ಅದರ ಬಗ್ಗೆ ಇನ್ನೇನೂ ಬರೆಯಲಾರೆ.

ಅವರು ಅಳಲಿಲ್ಲ. ಮಣ್ಣು ಮಾಡಿ ಬಂದ ದಿನವೂ ಸಂತುವಿನ ಅಪ್ಪ ಅಳಲಿಲ್ಲ, ತಿಥಿಯ ದಿನವೂ ಅಳಲಿಲ್ಲ. ಅದೇ ವರ್ಷ ನಿವೃತ್ತಿಯೂ ಆಯಿತು. ಶಾಲೆಯವರು ಹಾರ ಹಾಕಿ ಕಳಿಸಿದರೆ ಆ ಹಾರ ತೆಗೆಯುವುದನ್ನೂ ಮರೆತು ಮನೆಗೆ ಬಂದು, ಜಗಲಿಯ ಮೇಲೆ, ಟಾರ್ಪಾಲು ಹೊದ್ದ ಜೀಪಿನ ಎದುರಿಗೆ ಕೂತರು. ಅಲ್ಲಿಂದ ಮುಂದೆ ಅದೇ ಅವರ ಜಾಗವಾಯಿತು. ಊಟ ಅಂದರೆ ಊಟ, ಸ್ನಾನ ಅಂದರೆ ಸ್ನಾನ. ಬಾಯಿಂದ ಒಂದು ಮಾತಿಲ್ಲ. ಹಾದಿಯಲ್ಲಿ ಹೋಗುವವರು, "ಮೇಷ್ಟ್ರೇ, ಒಂದ್ಸಲ ಅತ್ಬಿಡಿ," ಅನ್ನುತ್ತಿದ್ದರು. ಅಳು ಏನು ಕೊಳಾಯಿಯೇ, ತಿರುಗಿಸಿದರೆ ಬರುವುದಕ್ಕೆ?

ನಾನು ಊರಿನ ಡೈರಿಯಲ್ಲಿ ಹಾಲು ಅಳೆಯುವವಳು. ಬೆಳಿಗ್ಗೆ ಸಂಜೆ ನೂರು ಜನರ ಜೊತೆ ಜಗಳವಾಡಿಕೊಂಡು ಹೇಗೋ ಉಸಿರಾಡುತ್ತಿದ್ದೆ. ರೇಖ ಫ್ಯಾಕ್ಟರಿ ಬಸ್ಸು ಹತ್ತಿ ಹೋಗುತ್ತಿದ್ದಳು. ಅವರಿಗೆ ಮಾತ್ರ ಏನೂ ಇರಲಿಲ್ಲ. ಹೋದ ಮಗನ ಸಂಕಟವೇ ಸಾಕಾಗಿತ್ತು, ಇರುವ ಗಂಡನೂ ಕಣ್ಣೆದುರಿಗೇ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿದ್ದಾರಲ್ಲ ಅನ್ನುವ ಭಯ ಅದರ ಮೇಲೆ ಕೂತಿತು. ಜೀಪನ್ನು ಮಾರಿಬಿಡಿ, ಕಣ್ಣೆದುರು ಇದ್ದರೆ ಮರೆಯುವುದಿಲ್ಲ ಅಂತ ನೆಂಟರೆಲ್ಲ ಹೇಳಿದರು. ಮರೆಯಬೇಕು ಅಂದವರು ಯಾರು ಇವರಿಗೆ?

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಡೈರಿಯಿಂದ ಬರುವಾಗ ಟಾರ್ಪಾಲು ಅಂಗಳದಲ್ಲಿ ಬಿದ್ದಿತ್ತು. ಅವರು ಜೀಪಿನ ಕೆಳಗೆ ಅಂಗಾತ ಮಲಗಿದ್ದರು. ಓಡಿಹೋಗಿ ಬಗ್ಗಿ ನೋಡಿದೆ. ಸಂತು ಹಾಕಿದ್ದ ಬೆಸುಗೆಯ ಮೇಲೆ ಅಂಗೈ ಇಟ್ಟುಕೊಂಡು ಮಲಗಿದ್ದರು.

"ಇದನ್ನ ಓಡಿಸ್ಬೇಕು ಕಣೇ," ಅಂದರು.

ಎಷ್ಟೋ ತಿಂಗಳ ಮೇಲೆ ಕೇಳಿದ ಮಾತು. ನಾನು ಅಲ್ಲೇ ಮಣ್ಣಿನಲ್ಲಿ ಕೂತು ಅತ್ತೆ. "ಓಡ್ಸಿ, ಓಡ್ಸಿ, ಆಕಾಶಕ್ಕೆ ಬೇಕಾದ್ರೂ ಓಡ್ಸಿ," ಅಂದೆ.

ಹೊಸಕೋಟೆಯಿಂದ ಮಣಿ ಬಂದ. ಜೀಪು ರಿಪೇರಿಗೆ ಅವನೇ ಸರಿ ಅಂತ ಎಲ್ಲರೂ ಹೇಳಿದ್ದರು. ಅವನು ಒಂದು ಥರದ ಮನುಷ್ಯ. ಕೈ ತುಂಬ ಗ್ರೀಸು, ಆದರೆ ಜೇಬಿನಲ್ಲಿ ಬಾಚಣಿಗೆ. ಗಂಟೆಗೊಮ್ಮೆ ಜೀಪಿನ ಕನ್ನಡಿಯಲ್ಲಿ ಕ್ರಾಪು ನೋಡಿಕೊಳ್ಳದಿದ್ದರೆ ಅವನಿಗೆ ಸ್ಪ್ಯಾನರೇ ಹಿಡಿಯುತ್ತಿರಲಿಲ್ಲ. "ನಾಳೆ ಬೆಳಿಗ್ಗೆ ಬಂದ್ಬಿಡ್ತೀನಿ ಅಕ್ಕಾ" ಅಂದ ಅಂದರೆ ನಾಡಿದ್ದು ಮಧ್ಯಾಹ್ನ ಅಂತ ಅರ್ಥ. ಬಂದ ತಕ್ಷಣ ಕಾಫಿ, ಕಾಫಿ ಆದ ಮೇಲೆ ಅವನ ಪ್ರತಾಪದ ಕಥೆಗಳು. "ಬಾಯಲ್ಲೇ ಎಂಜಿನ್ ಇಳಿಸ್ತೀಯ ಕಣಪ್ಪಾ ನೀನು," ಅಂತ ನಾನು ಬೈದರೆ ಅವನಿಗೆ ಖುಷಿಯೇ.

ಆದರೂ ಕೆಲಸ ಸಾಗಿತು. ಎಂಜಿನ್ ಇಳಿಯಿತು. ನನ್ನ ಹಟ್ಟಿಯ ಒಂದು ಮೂಲೆ ಜೀಪಿನ ಕೈಕಾಲುಗಳಿಂದ ತುಂಬಿಹೋಯಿತು. ಮಣಿ ಏನಾದರೂ ಬೇಕು ಅಂದರೆ ಅವರು ಹುಡುಕಿಕೊಂಡು ಹೊರಟುಬಿಡುತ್ತಿದ್ದರು. ಶಿವಾಜಿನಗರದ ಗುಜರಿ ಅಂಗಡಿಗಳು, ನೆಲಮಂಗಲದ ಹೆದ್ದಾರಿ ಪಕ್ಕ ಹಳೇ ಲಾರಿ ಒಡೆಯುವ ಕಡೆ, ಎಲ್ಲಿಗೆ ಹೇಳಿದರೆ ಅಲ್ಲಿಗೆ. ಬಸ್ಸಿನಲ್ಲಿ ಒಂದು ಸ್ಟೇರಿಂಗ್ ಬಾಕ್ಸನ್ನು ತೊಡೆಯ ಮೇಲೆ ಮಗು ಕೂರಿಸಿಕೊಂಡ ಹಾಗೆ ಕೂರಿಸಿಕೊಂಡು ಬಂದರು. ಪಂಚೆಯೆಲ್ಲ ಎಣ್ಣೆ. ಮೊದಲಾಗಿದ್ದರೆ ನಾನು ಊರು ಕೇಳುವ ಹಾಗೆ ಕೂಗಾಡುತ್ತಿದ್ದೆ. ಆವತ್ತು ಆ ಪಂಚೆ ಒಗೆಯುವಾಗ ಸಂತೋಷವಾಗಿತ್ತು. ರಾತ್ರಿ ಊಟಕ್ಕೆ ಕೂತರೆ ಕಾರ್ಬುರೇಟರಿನ ಮಾತು, ಗೇರಿನ ಮಾತು. ನನಗೊಂದೂ ಅರ್ಥವಾಗುತ್ತಿರಲಿಲ್ಲ. ಮಾತು ಬಂತಲ್ಲ, ಅಷ್ಟೇ ಸಾಕಾಗಿತ್ತು. ಮುದ್ದೆ ಇನ್ನೊಂದು ಹಾಕು ಅಂದ ದಿನ ನಾನು ಅಡಿಗೆಮನೆಗೆ ಹೋಗಿ ದೇವರಿಗೆ ಕೈ ಮುಗಿದೆ.

ಆಮೇಲೆ ಮಣಿ ಹಿಂದಿನ ಗಾಲಿಗಳ ಕೆಲಸಕ್ಕೆ ಕೈ ಹಾಕಿದ. ಕೆಳಗೆ ನುಸುಳಿದವನು ಅಲ್ಲಿಂದಲೇ ಗಟ್ಟಿಯಾಗಿ ನಕ್ಕ.

"ಯಾವೋನಕ್ಕಾ ಇದನ್ನ ಹಾಕಿದ್ದು? ಕೋಳಿ ಹಿಕ್ಕೆ ಹಾಕ್ದಂಗೈತೆ!"

ಅವರು ಗಾಲಿಯ ಪಕ್ಕದಲ್ಲಿ ನಿಂತಿದ್ದರು. "ನನ್ನ ಮಗ," ಅಂದರು.

ಮಣಿ ಹೊರಗೆ ಬಂದು ನಾಲಿಗೆ ಕಚ್ಚಿಕೊಂಡ. ಎದ್ದು ನಿಂತು ಕೈ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ, "ಬೇಜಾರ್ ಮಾಡ್ಕೋಬ್ಯಾಡಿ ಮೇಷ್ಟ್ರೇ. ಆದ್ರೂ ಅದನ್ನ ಕತ್ತರಿಸ್ಲೇಬೇಕು. ಒಳಗೆ ಹಿಡ್ದೇ ಇಲ್ಲ ಅದು, ಮೇಲ್ಮೇಲೆ ಕೂತೈತೆ. ರೋಡ್‌ನಾಗೆ ಕಿತ್ಕೊಂಡ್ರೆ ಗಾಡಿ ಪಲ್ಟಿ ಹೊಡೀತದೆ."

"ಅದನ್ನ ಮುಟ್ಬೇಡ," ಅಂದರು ಅವರು.

"ಮುಟ್ದಿದ್ರೆ ಓಡ್ಸಂಗಿಲ್ಲ."

"ಹಂಗಾದ್ರೆ ಓಡ್ಸೋದೇ ಬೇಡ. ನೀನ್ ಹೋಗು."

ಮಣಿ ಹೋದ. ಟಾರ್ಪಾಲು ಮತ್ತೆ ಜೀಪಿನ ಮೇಲೆ ಬಂತು, ಅವರು ಮತ್ತೆ ಜಗಲಿಗೆ ಹೋದರು. ಕತ್ತರಿಸಿದರೆ ಮಗನ ಕೈಗುರುತು ಹೋಗುತ್ತದೆ, ಕತ್ತರಿಸದಿದ್ದರೆ ಜೀಪು ನಿಲ್ಲುತ್ತದೆ, ಜೀಪು ನಿಂತರೆ ಈ ಮನುಷ್ಯ ನಿಲ್ಲುತ್ತಾರೆ. ಎತ್ತ ಹೋದರೂ ಗೋಡೆ. ಕೊನೆಗೆ ರೇಖಳೇ ಬಾಯಿಬಿಟ್ಟಳು. ಅವಳು ನನ್ನ ಹಾಗಲ್ಲ, ಮಾತು ಕಡಿಮೆ.

"ಅಪ್ಪಾ, ಆ ವೆಲ್ಡಿಂಗ್ ನೋಡಿ ಅಣ್ಣನೇ ನಗ್ತಿದ್ದ. ಇದು ಕಲಿಯೋಕೆ ಹಾಕಿದ್ದು, ಕೈ ಕೂತ್ಮೇಲೆ ಕಿತ್ತು ಬೇರೆ ಹಾಕ್ತೀನಿ ಅಂತಿದ್ದ. ಅವನಿದ್ದಿದ್ರೆ ಅವನೇ ಕತ್ತರಿಸ್ತಿದ್ದ."

"ಅವನು ಕತ್ತರಿಸ್ಬೋದು. ಅವನದು ಅದು," ಅಂತ ಗುಡುಗಿದರು. ಸತ್ತುಹೋಗಿದೆ ಅಂದುಕೊಂಡಿದ್ದ ಹಳೇ ಡ್ರಿಲ್ ಮೇಷ್ಟ್ರ ಗಂಟಲು. "ನಾವ್ಯಾರು ಕತ್ತರಿಸೋಕೆ? ಅವನು ಈ ಭೂಮಿ ಮೇಲೆ ತನ್ನ ಕೈಯಾರೆ ಮಾಡಿ ಬಿಟ್ಟೋಗಿರೋದು ಅದೊಂದೇ ಕಣಮ್ಮಾ!"

ರೇಖ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಯಾರ ಕಡೆ ಮಾತಾಡಲಿ?

ಉಪಾಯ ಹುಡುಕಿದವರು ಅವರೇ. ನಮ್ಮ ಕಡೆ ಹೊಸ ಮನೆ ಕಟ್ಟುವಾಗ ಹಳೇ ಮನೆಯ ಒಂದು ಕಂಬವನ್ನೋ ಬಾಗಿಲುವಾಡವನ್ನೋ ಹೊಸ ಗೋಡೆಯಲ್ಲಿ ಸೇರಿಸಿ ಕಟ್ಟುತ್ತಾರೆ, ಹಿರಿಯರ ಕೈ ಬಿಡಬಾರದು ಅಂತ. ಹಾಗೇ ಮಾಡೋಣ ಅಂದರು. ಸಂತುವಿನ ಬೆಸುಗೆ ಹೇಗಿದೆಯೋ ಹಾಗೇ ಒಳಗಿರಲಿ, ಅದರ ಸುತ್ತ ದಪ್ಪ ತಗಡಿನ ಪೆಟ್ಟಿಗೆ ಮಾಡಿ ಮುಚ್ಚು, ಭಾರವನ್ನು ಆ ಪೆಟ್ಟಿಗೆ ಹೊರಲಿ. ಮಣಿಯನ್ನು ಮತ್ತೆ ಕರೆಸಿದೆವು. ಅವನು ತಲೆ ಕೆರೆದುಕೊಂಡು, ಕ್ರಾಪು ಸರಿ ಮಾಡಿಕೊಂಡು, ಆಗಬಹುದು ಅಂದ.

"ಒಂದ್ ಕೆಲ್ಸ. ಒಳಗಿರೋದನ್ನ ಬ್ರಷ್ ಹಾಕಿ ಉಜ್ಜಿ, ಎರಡು ಕೋಟ್ ರೆಡ್ ಆಕ್ಸೈಡ್ ಹೊಡೆದ್ಬಿಡ್ತೀನಿ. ತುಕ್ಕು ಹಿಡಿಯಲ್ಲ."

"ಬ್ರಷ್ ಆಡಿಸ್ಬೇಡ ಅದರ ಮೇಲೆ. ಉಜ್ಜಿದ್ರೆ ಉದುರೋಗುತ್ತೆ. ಅವನು ಹೆಂಗ್ ಬಿಟ್ಟಿದ್ನೋ ಹಂಗೇ ಇರ್ಲಿ."

"ಆಯ್ತು, ಕೆಳಗಡೆ ಒಂದು ತೂತಾದ್ರೂ ಬಿಡ್ತೀನಿ. ನೀರ್ ಹೋದ್ರೆ ಇಳಿಯೋಕೆ."

"ತೂತು ಬೇಡ. ಮಣ್ಣು, ಧೂಳು ಹೋಗುತ್ತೆ. ಪೂರ್ತಿ ಮುಚ್ಚು."

ಮಣಿ ನನ್ನ ಮುಖ ನೋಡಿದ. ನನಗೆ ತೂತಿನ ಯೋಗ್ಯತೆ ಏನು ಗೊತ್ತು? ಹೇಳಿದ ಹಾಗೆ ಮಾಡಪ್ಪ ಅಂದೆ.

ಮುಚ್ಚುವುದಕ್ಕೆ ಮುಂಚೆ ಅವರು ನನ್ನನ್ನೂ ಕರೆದರು. ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಜೀಪಿನ ಕೆಳಗೆ ಮಲಗಿ ನೋಡಿದೆ. ಒಂದು ಕಡೆ ಗುಂಡಗೆ ಉಬ್ಬಿ, ಒಂದು ಕಡೆ ತೆಳ್ಳಗೆ ಹರಿದು, ನಡುವೆ ಎರಡು ಕಡೆ ಬಿಟ್ಟೇ ಹೋಗಿತ್ತು. ಅವನು ಒಂದನೇ ಕ್ಲಾಸಿನಲ್ಲಿ ಬರೆಯುತ್ತಿದ್ದ ಅಕ್ಷರವೂ ಹೀಗೇ ಇತ್ತು, ಗೆರೆಯ ಮೇಲೆ ಒಂದೂ ಕೂರುತ್ತಿರಲಿಲ್ಲ. ಮುಟ್ಟಿದೆ. ಒರಟಾಗಿತ್ತು. ಮಣಿ ತಗಡು ಇಟ್ಟು ಮುಚ್ಚಿದ. ಅವನ ಬೆಸುಗೆ ನೀಟಾಗಿ ದಾರ ಹೊಲಿದ ಹಾಗೆ ಕೂತಿತು. ಮಗನ ಕೈಗುರುತೂ ಉಳಿಯಿತು, ಜೀಪೂ ಓಡುತ್ತದೆ ಅಂತ ನನಗೂ ಸಮಾಧಾನವಾಯಿತು. ಆ ಯುಗಾದಿಗೆ ಒಬ್ಬಟ್ಟು ಮಾಡಿದೆ.

ಬೇಸಿಗೆಯಲ್ಲಿ ಎಂಜಿನ್ ಹತ್ತಿತು. ಮಳೆಗಾಲದ ಹೊತ್ತಿಗೆ ಬಣ್ಣವಾಗಿ, ಹೊಸ ಕ್ಯಾನ್ವಾಸು ಬಂದು, ಜೀಪು ಮದುಮಗನ ಹಾಗೆ ನಿಂತಿತು. ಮಣಿಯ ಕೆಲಸ ಮುಗಿದರೂ ಇವರ ಕೆಲಸ ಮುಗಿಯಲಿಲ್ಲ. ದಿನಾ ಬೆಳಿಗ್ಗೆ ಎದ್ದವರೇ ಬಕೆಟ್ಟುಗಟ್ಟಲೆ ನೀರು ಹೊಯ್ದು ಜೀಪು ತೊಳೆಯುವರು. ಬಾನೆಟ್ಟಿಗೆ ಒಂದು ಬಕೆಟ್ಟು, ಗಾಲಿಗೆ ಒಂದು ಬಕೆಟ್ಟು. ಕೊನೆಯಲ್ಲಿ ಆ ಎಡ ಮೂಲೆಗೆ ಬಂದು ಕುಕ್ಕರಗಾಲಲ್ಲಿ ಕೂತು, ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಆ ತಗಡಿನ ಪೆಟ್ಟಿಗೆಯ ಮೇಲೆ ಹೊಯ್ಯುವರು. ಮಗುವಿನ ಬೆನ್ನು ತೊಳೆಯುವ ಹಾಗೆ ಕೈಯಾಡಿಸುವರು. ತುಟಿ ಅಲ್ಲಾಡುತ್ತಿರುವುದನ್ನು ನಾನು ಎಷ್ಟೋ ಸಲ ಅಡಿಗೆಮನೆ ಕಿಟಕಿಯಿಂದ ನೋಡಿದ್ದೇನೆ. ಏನು ಮಾತಾಡುತ್ತಿದ್ದರೋ, ನಾನು ಕೇಳಲಿಲ್ಲ. ಅದು ಅಪ್ಪ ಮಗನ ವಿಷಯ. ಶುಕ್ರವಾರ ಅರಿಶಿನ ಕುಂಕುಮ ನಾನೇ ಕಲಸಿ ಕೊಡುತ್ತಿದ್ದೆ.

ಡೈರಿಗೆ ಬರುವ ಹೆಂಗಸರು, "ಲಕ್ಷ್ಮಕ್ಕಾ, ಮೇಷ್ಟ್ರು ಎಮ್ಮೆ ಮೈ ತೊಳ್ದಂಗೆ ಜೀಪು ತೊಳೀತಾರಲ್ಲ, ಹಾಲು ಎಷ್ಟು ಕೊಡ್ತದೆ?" ಅಂತ ಆಡಿಕೊಳ್ಳುವರು. "ನಿಮ್ಮೆಮ್ಮೆಗಿಂತ ಜಾಸ್ತಿನೇ ಕೊಡ್ತದೆ, ನೀರು ಬೆರೆಸಲ್ಲ," ಅಂತ ನಾನೂ ಬಿಡುತ್ತಿರಲಿಲ್ಲ. ನಮ್ಮ ಬೋರ್‌ವೆಲ್ ನೀರು ಬಲು ಗಡಸು. ಪಾತ್ರೆ ಒರೆಸಿಡದಿದ್ದರೆ ಬೆಳಗಾಗುವುದರಲ್ಲಿ ಬಿಳೀ ಕರೆ ಕಟ್ಟುತ್ತದೆ, ಬಿಂದಿಗೆಯ ತಳ ವರ್ಷ ತುಂಬುವುದರಲ್ಲಿ ತಿಂದುಹೋಗುತ್ತದೆ. ಇದು ನಮ್ಮೂರಿನ ಕೂಸಿಗೂ ಗೊತ್ತಿರುವ ವಿಷಯ. ಆದರೆ ಜೀಪಿಗೂ ಬಿಂದಿಗೆಗೂ ಯಾರು ತಾಳೆ ಹಾಕುತ್ತಾರೆ?

ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಜೀಪು ಮೊದಲ ಸಲ ಗೇಟು ದಾಟಿತು. ಅವರು ಸ್ಟೇರಿಂಗ್ ಹಿಡಿದಿದ್ದರು. ಪಕ್ಕದಲ್ಲಿ ನಾನು, ಹಿಂದೆ ರೇಖ. ಊರು ಸುತ್ತಿ, ಕೆರೆ ಏರಿ ಮೇಲೆ ಹೋಗಿ ಬಂದೆವು. ಸೀಟು ಹಲಗೆಯ ಹಾಗಿತ್ತು, ಸೊಂಟ ಸಾವಿರ ಚೂರಾಯಿತು. ಬೈಯೋಣವೆಂದು ತಿರುಗಿದರೆ ಅವರು ನಗುತ್ತಿದ್ದರು. ಹಲ್ಲು ಕಾಣುವ ಹಾಗೆ ನಗುತ್ತಿದ್ದರು.

"ಈ ಮೂಲೆ ಭಾರ ಪೂರ್ತಿ ಅವನ ಕೈ ಮೇಲೈತೆ ಕಣೇ," ಅಂದರು. "ನೋಡು, ಎತ್ಕೊಂಡು ಹೋಗ್ತಾವ್ನೆ ನಮ್ಮನ್ನ."

ರೇಖ ಹಿಂದೆ ಬಿಕ್ಕಳಿಸುವುದು ಕೇಳಿಸಿತು. ಆವತ್ತು ಮನೆಗೆ ಬಂದವರು ಬಾಗಿಲು ಹಾಕಿಕೊಂಡು ಮೀಸೆ ಬೋಳಿಸಿಕೊಂಡು ಹೊರಗೆ ಬಂದರು. ಮಗ ಇಲ್ಲದಿದ್ದರೇನು, ಪಂತ ಪಂತವೇ ಅಂದರು. ನಾವು ಮೂವರೂ ನಕ್ಕೆವು, ನಗುತ್ತಲೇ ಅತ್ತೆವು. ಇನ್ನು ಪರವಾಗಿಲ್ಲ, ಈ ಮನೆ ಹೇಗೋ ನಿಂತುಕೊಳ್ಳುತ್ತದೆ ಅಂತ ನಾನು ನಂಬಿದ್ದು ಆವತ್ತೇ.

ಅದಾದ ಮೇಲೆ ಸಂತೆಗೆ ಜೀಪು, ನೆಂಟರ ಮನೆಗೆ ಜೀಪು, ಡೈರಿಗೆ ಹಿಂಡಿ ಮೂಟೆ ತರುವುದಕ್ಕೂ ಜೀಪು. ಎಲ್ಲಿಗೆ ಹೋಗಿ ಬಂದರೂ ಮರುದಿನ ಬೆಳಿಗ್ಗೆ ಸ್ನಾನ ತಪ್ಪುತ್ತಿರಲಿಲ್ಲ. ಚಳಿಗಾಲ ಹಾಗೇ ಕಳೆಯಿತು.

ಶಿವರಾತ್ರಿ ಹತ್ತಿರ ಬಂದಿತ್ತು. ಹೊಸಕೋಟೆಯಿಂದ ಹಿಂಡಿ ಮೂಟೆ ಹಾಕಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ನಾವಿಬ್ಬರೇ ಬರುತ್ತಿದ್ದೆವು. ಕೆರೆ ಏರಿಯ ಮೇಲೆ ಒಂದು ಗುಂಡಿ, ದೊಡ್ಡದೇನಲ್ಲ, ದಿನಾ ಇಳಿದು ಹತ್ತುವ ಗುಂಡಿ. ಹಿಂದೆ ಟಪ್ಪೆಂದು ಏನೋ ಹರಿದ ಸದ್ದಾಯಿತು. ಜೀಪು ಎಡಕ್ಕೆ ಕುಸಿದು, ಹಿಂಡಿ ಮೂಟೆಯೊಂದು ಉರುಳಿ, ಗಾಡಿ ಏರಿಯ ಕಲ್ಲಿಗೆ ಉಜ್ಜಿಕೊಂಡು ನಿಂತಿತು. ಇನ್ನೊಂದು ಮಾರು ಹೋಗಿದ್ದರೆ ಕೆರೆಯೊಳಗೆ. ಇಬ್ಬರಿಗೂ ಏನೂ ಆಗಲಿಲ್ಲ. ನಾನು ಕಾಲು ಕೆಳಗಿಡುವಷ್ಟರಲ್ಲಿ ಅವರು ಇಳಿದು ಕೆಳಗೆ ನುಸುಳಿದ್ದರು.

"ಕಮಾನುಪಟ್ಟಿ ಕಟ್ಟಾಗಿರ್ಬೇಕು, ಅಲ್ವಾ?" ಅಂತ ಕೂಗಿದೆ. ಅವರು ಆ ತಗಡಿನ ಪೆಟ್ಟಿಗೆಯ ಮೇಲೆ ಕೈಯಾಡಿಸಿ ನೋಡುತ್ತಿದ್ದರು.

ಟ್ರ್ಯಾಕ್ಟರಿನಲ್ಲಿ ಎಳೆಸಿಕೊಂಡು ಮನೆಗೆ ತಂದೆವು. ಮಣಿ ಆವತ್ತು ಮಾತ್ರ ಹೇಳಿದ ಹೊತ್ತಿಗೇ ಬಂದ. ಪೆಟ್ಟಿಗೆಯ ಒಂದು ಕಡೆ ಚಾಸಿಯಿಂದಲೇ ಕಿತ್ತು ಬಾಯಿ ತೆರೆದುಕೊಂಡಿತ್ತು. ಉಳಿದ ಕಡೆಗೆ ಅವನು ಮೆಷಿನ್ ಹಿಡಿದು ಕೊಯ್ದ. ತಗಡು ಎತ್ತಿದಾಗ ಮೊದಲು ಒಂದಿಷ್ಟು ಕೆಂಪು ನೀರು ಸುರಿಯಿತು, ನಾರುವ ನೀರು. ಆಮೇಲೆ ಹಳೇ ಹೆಂಚಿನ ಸಿಪ್ಪೆಯ ಹಾಗೆ ಪದರ ಪದರವಾಗಿ ತುಕ್ಕು ನೆಲಕ್ಕೆ ಬಿತ್ತು. ಮಣಿ ಸ್ಕ್ರೂ ಡ್ರೈವರಿನಲ್ಲಿ ಒಳಗೆ ಕೆರೆದ. ಇನ್ನಷ್ಟು ಬಿತ್ತು. ನಾನು ಬಗ್ಗಿ ಆ ಉಬ್ಬನ್ನು ಹುಡುಕಿದೆ, 'ಅಂಟ್ಕೊಂತು ಕಣಮ್ಮ' ಅಂದಿದ್ದನಲ್ಲ, ಅದನ್ನು. ಇರಲಿಲ್ಲ. ಅವನಿಟ್ಟ ಕಬ್ಬಿಣದ ತುಂಡೂ ಇರಲಿಲ್ಲ, ಅದರ ಸುತ್ತಲಿನ ಚಾಸಿಯೂ ಇರಲಿಲ್ಲ. ಅಂಗೈಯಗಲದ ತೂತು ಮಾತ್ರ ಇತ್ತು.

"ಮೇಲ್ಗಡೆ ಮೆಷಿನ್ ಹೋಗ್ದಿದ್ದ ಸಂದಿಲಿ ನೀರು ಕುಡಿದೈತೆ ಮೇಷ್ಟ್ರೇ," ಅಂದ ಮಣಿ. "ಕೆಳಗಡೆ ಇಳಿಯೋಕೆ ದಾರಿ ಇಲ್ವಲ್ಲ. ಒಳಗೇ ನಿಂತು ತಿಂದ್ಬಿಟ್ಟೈತೆ. ಮಳೆ ನೀರಿಗೆ ಇಷ್ಟೊಂದು ಆಗಲ್ಲ, ಎಲ್ಲಿಂದ ಬಂತೋ..."

ಅನ್ನುತ್ತಾ ಅನ್ನುತ್ತಾ ಅವನ ಕಣ್ಣು ನೀರಿನ ತೊಟ್ಟಿಯ ಹತ್ತಿರ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಹೋಯಿತು. ಬಾಯಿ ಮುಚ್ಚಿಕೊಂಡ. ನಾನೂ ಅದನ್ನೇ ನೋಡಿದೆ. ಅವರೂ ನೋಡಿದರು.

"ನಾನೇ," ಅಂದರು ಅವರು. "ನಾನೇ ಹೊಯ್ದು ಹೊಯ್ದು ಕರಗಿಸ್ಬಿಟ್ಟೆ."

"ಹಂಗನ್ಬೇಡಿ," ಅಂದೆ.

"ದಿನಾ ಬೆಳಿಗ್ಗೆ ಇದರ ಮೇಲೆ ಕೈಯಿಟ್ಟು ಅವನ ಜೊತೆ ಮಾತಾಡ್ತಿದ್ದೆ ಕಣೇ. ಒಳಗೆ ಯಾರೂ ಇರ್ಲೇ ಇಲ್ಲ."

ಅಳುತ್ತಾರೆ ಅಂದುಕೊಂಡೆ. ಅತ್ತಿದ್ದರೆ ಹಿಡಿದುಕೊಳ್ಳಬಹುದಿತ್ತು. ಅವರು ಅಳಲಿಲ್ಲ. ನೆಲದ ಮೇಲೆ ಬಿದ್ದಿದ್ದ ತುಕ್ಕನ್ನು ನಾನು ಪೊರಕೆಯಲ್ಲಿ ಗುಡಿಸಿ ಮೊರಕ್ಕೆ ತುಂಬಿದೆ. ತುಂಬಿಕೊಂಡು ನಿಂತೆ. ತುಳಸಿ ಬುಡಕ್ಕೆ ಹಾಕಲೇ, ಕೆರೆಗೆ ಬಿಡಲೇ, ಬಟ್ಟೆಯಲ್ಲಿ ಕಟ್ಟಿ ಒಳಗೆ ಇಟ್ಟುಕೊಳ್ಳಲೇ? ಇಂಥದ್ದಕ್ಕೆ ಯಾವ ಶಾಸ್ತ್ರ ಅಂತ ಯಾರನ್ನು ಕೇಳುವುದು?

"ತಿಪ್ಪೆಗೆ ಹಾಕು," ಅಂದರು ಅವರು. ಹೇಳಿ ಕೈಕಾಲು ತೊಳೆದುಕೊಂಡು ಒಳಗೆ ಹೋದರು. ನಾನು ತಿಪ್ಪೆಗೆ ಹಾಕಿ ಬಂದೆ.

ಮಣಿ ಹೊಸ ಕಬ್ಬಿಣ ತಂದು, ಉಜ್ಜಿ, ಬಣ್ಣ ಹೊಡೆದು, ಕೆಳಗೆ ತೂತು ಬಿಟ್ಟು, ಗಟ್ಟಿಯಾಗಿ ಕೂರಿಸಿಕೊಟ್ಟ. ಜೀಪು ಮೊದಲಿಗಿಂತ ಚೆನ್ನಾಗಿಯೇ ಆಯಿತು. ಅವರು ಅದನ್ನು ಹತ್ತಲಿಲ್ಲ. ತೊಳೆಯಲಿಲ್ಲ. ಜಗಲಿಯ ಮೇಲೂ ಕೂರದೆ ಒಳಗಿನ ಕೋಣೆ ಸೇರಿದರು. ಮೊದಲ ಸಲ ಮಾತು ಬಿಟ್ಟಾಗ ಸಂಕಟಕ್ಕೆ ಬಿಟ್ಟಿದ್ದರು, ಇನ್ನೆಂದಾದರೂ ಬರುತ್ತದೆ ಅಂತ ನಾನು ಕಾದಿದ್ದೆ. ಈ ಸಲ ಹಾಗಿರಲಿಲ್ಲ. ಬೇಕಾದ್ದಕ್ಕೆಲ್ಲ ಮಾತಾಡುತ್ತಿದ್ದರು, ಹಾಲು, ಹುಲ್ಲು, ಕರೆಂಟು, ಎಲ್ಲದಕ್ಕೂ. ಸಂತುವಿನ ಹೆಸರೊಂದು ಮಾತ್ರ ಅವರ ಬಾಯಿಂದ ಹೊರಟುಹೋಯಿತು. ನಾನು ಅವನ ಮಾತೆತ್ತಿದರೆ ಯಾರ ಮನೆಯ ವಿಷಯವೋ ಅನ್ನುವ ಹಾಗೆ ಎದ್ದು ಹೋಗುತ್ತಿದ್ದರು. ನನ್ನ ಮಗ ಎರಡು ಸಲ ಸತ್ತ. ಎರಡನೇ ಸಲ ಅವನನ್ನು ನೆನೆದು ಅಳುವುದಕ್ಕೆ ನನಗೆ ಜೊತೆಯೂ ಇರಲಿಲ್ಲ.

ಜೀಪು ಮಾರುತ್ತೇನೆ ಅಂತ ಅವರೇ ಮಣಿಗೆ ಹೇಳಿ ಕಳಿಸಿದರು. ದೊಡ್ಡಬಳ್ಳಾಪುರದ ಕಡೆಯಿಂದ ಒಬ್ಬ ಹುಡುಗ ಬಂದ. ಇಂಥ ಗಾಡಿಗಳೆಂದರೆ ಅವನಿಗೆ ಹುಚ್ಚಂತೆ. ಸಂತುವಿನ ವಯಸ್ಸೇ ಇರಬೇಕು. ಜೀಪು ನೋಡಿದವನು ಕಣ್ಣರಳಿಸಿ ಸುತ್ತು ಬಂದ, ಬಾನೆಟ್ ಎತ್ತಿಸಿದ, ಮೊಬೈಲು ಬೆಳಕು ಹಿಡಿದು ಬಟ್ಟೆ ಕೊಳೆಯಾಗುವುದನ್ನೂ ನೋಡದೆ ಕೆಳಗೆ ಮಲಗಿದ. ಅವರು ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು. ನಾನು ಹೊಸ್ತಿಲಲ್ಲಿದ್ದೆ.

"ಸೂಪರ್ ಆಗಿದೆ ಅಂಕಲ್," ಅಂತ ಹುಡುಗ ಎದ್ದು ಬೆನ್ನು ಕೊಡವಿಕೊಂಡ. "ಹಿಂದ್ಗಡೆ ಎಡಗಡೆ ಒಂದು ಪೀಸ್ ಹೊಸದಾಗಿ ಹಾಕ್ಸಿದೀರಲ್ವಾ?"

"ಹೂಂ. ಮೆಕ್ಯಾನಿಕ್ ಹಾಕಿದ್ದು."

"ನೀಟಾಗಿದೆ. ಅದಕ್ಕೆ ಮುಂಚೆ ಮನೇಲಿ ಯಾರಾದ್ರೂ ವೆಲ್ಡಿಂಗ್ ಗಿಲ್ಡಿಂಗ್ ಅಂತ ಕೈ ಹಾಕಿದ್ರಾ ಅಂಕಲ್? ಕೆಲವರು ತಾವೇ ಏನೇನೋ ಮಾಡಿ ಚಾಸಿ ಹಾಳು ಮಾಡಿರ್ತಾರೆ, ಅದಕ್ಕೆ ಕೇಳ್ದೆ."

ಅವರು ನನ್ನ ಕಡೆ ತಿರುಗಲಿಲ್ಲ.

"ಇಲ್ಲಪ್ಪಾ," ಅಂದರು. "ನಮ್ಮನೇಲಿ ವೆಲ್ಡಿಂಗ್ ಬರೋರು ಯಾರೂ ಇರ್ಲಿಲ್ಲ."

ಹುಡುಗ ಸರಿ ಅಂತ ತಲೆಯಾಡಿಸಿ ಕೀಲಿಗೆ ಕೈ ಚಾಚಿದ.